ನೊಗದ ಇನ್ನೊಂದು ಎತ್ತು

869ರ ಫೆಬ್ರುವರಿಯಲ್ಲಿ, ರೋಮ್ ನಗರದಲ್ಲಿ, 42 ವರ್ಷದ ಗ್ರೀಕ್ ವಿದ್ವಾಂಸನೊಬ್ಬ ಸಾವಿನ ಹಾಸಿಗೆಯಲ್ಲಿದ್ದ. ಹೆಸರು ಕಾನ್‌ಸ್ಟಂಟೈನ್. ಇನ್ನು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಸಂನ್ಯಾಸ ದೀಕ್ಷೆ ಪಡೆದು ಸಿರಿಲ್ ಎಂಬ ಹೊಸ ಹೆಸರು ಇಟ್ಟುಕೊಂಡಿದ್ದ. ಲೋಕ ಇಂದು ಅವನನ್ನು ಕರೆಯುವ ಈ ಹೆಸರಿನಲ್ಲಿ ಅವನು ಬದುಕಿದ್ದು 50 ದಿನ ಮಾತ್ರ. ಪಕ್ಕದಲ್ಲಿ ಅಣ್ಣ ಮೆಥೋಡಿಯಸ್ ಇದ್ದ. ಮೆಥೋಡಿಯಸ್‌ನ ಶಿಷ್ಯರು ಬರೆದಿಟ್ಟ ಚರಿತ್ರೆಯ ಪ್ರಕಾರ ಸಿರಿಲ್ ಕೊನೆಯಲ್ಲಿ ಅಣ್ಣನಿಗೆ ಹೇಳಿದ ಮಾತಿನ ಸಾರ ಇದು: ಅಣ್ಣಾ, ನಾವಿಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಒಂದೇ ಸಾಲನ್ನು ಉಳುತ್ತಿದ್ದೆವು, ನನ್ನ ದಿನ ಮುಗಿಯಿತು, ನಾನು ಸಾಲಿನಲ್ಲೇ ಬೀಳುತ್ತಿದ್ದೇನೆ, ನಿನಗೆ ಆ ಬೆಟ್ಟದ ಮೇಲೆ ಬಹಳ ಪ್ರೀತಿ, ಆದರೆ ಬೆಟ್ಟದ ಆಸೆಗೆ ಬಿದ್ದು ಕಲಿಸುವ ಕೆಲಸವನ್ನು ಬಿಡಬೇಡ.

ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ತಾತನ ಕೊಟ್ಟಿಗೆ ನೆನಪಾಯಿತು. ಅಲ್ಲಿದ್ದ ಒಂದು ಜೊತೆ ಎತ್ತಿನಲ್ಲಿ ಎಡಗೋಲಿನದು ಒಂದು ಬೇಸಿಗೆಯಲ್ಲಿ ಹಾವು ಕಚ್ಚಿ ಸತ್ತಿತು. ಬಲಗೋಲಿನ ಎತ್ತಿಗೆ ಸಂತೆಯಿಂದ ಹೊಸ ಜೊತೆ ತಂದು ಕಟ್ಟಿದರೆ ಅದು ನೊಗಕ್ಕೆ ಹೆಗಲನ್ನೇನೋ ಕೊಡುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಎಡಕ್ಕೆ ತಿರುಗಿ ನೋಡುತ್ತಾ ಸಾಲನ್ನೆಲ್ಲ ಸೊಟ್ಟ ಮಾಡುತ್ತಿತ್ತು. ತಾತ ಬೈಯುತ್ತಿರಲಿಲ್ಲ. ಬಾರುಕೋಲನ್ನು ಹೆಗಲ ಮೇಲಿಟ್ಟುಕೊಂಡು ಅದು ತಾನಾಗಿ ಮುಂದೆ ಹೆಜ್ಜೆಯಿಡುವವರೆಗೆ ಸುಮ್ಮನೆ ನಿಂತಿರುತ್ತಿದ್ದರು.

ಸಿರಿಲ್ ಮತ್ತು ಮೆಥೋಡಿಯಸ್ ಎಂದು ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುವುದು ರೂಢಿಯಾದರೂ ಕಥೆ ಹೇಳುವವರ ಕಣ್ಣು ಸಹಜವಾಗಿಯೇ ತಮ್ಮನ ಮೇಲಿರುತ್ತದೆ. ಅವನು ಮೇಧಾವಿ, ಹಲವು ಭಾಷೆ ಬಲ್ಲವನು, ವಾದದಲ್ಲಿ ಗೆಲ್ಲುವವನು, ಒಂದು ಜನಾಂಗಕ್ಕೆ ಅಕ್ಷರ ಕೊಟ್ಟವನು. ಅಣ್ಣನ ಬಳಿ ಇಂಥ ಯಾವ ಹೊಳಪೂ ಇಲ್ಲ. ಆದರೂ ತಮ್ಮ ತೀರಿಕೊಂಡ ಮೇಲೆ 16 ವರ್ಷ ಒಂಟಿಯಾಗಿ ಆ ಸಾಲನ್ನು ಉತ್ತವನು ಅವನೇ. ಆ 16 ವರ್ಷ ಇಲ್ಲದೆ ಹೋಗಿದ್ದರೆ ತಮ್ಮನ ಅಕ್ಷರಗಳು ಯಾವುದೋ ಗ್ರಂಥಭಂಡಾರದ ಮೂಲೆಯಲ್ಲಿ ಒಂದು ವಿಚಿತ್ರವಾಗಿ ಉಳಿದಿರುತ್ತಿದ್ದವು ಎಂಬುದು ನನ್ನ ತಿಳಿವಳಿಕೆ.

ಇಬ್ಬರೂ ಹುಟ್ಟಿದ್ದು ಈಗಿನ ಗ್ರೀಸ್ ದೇಶದ ಥೆಸ್ಸಲೋನಿಕಾ ಪಟ್ಟಣದಲ್ಲಿ. ತಂದೆ ಲಿಯೋ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಸೈನ್ಯದ ಅಧಿಕಾರಿ. ಏಳು ಮಕ್ಕಳಲ್ಲಿ ಕಾನ್‌ಸ್ಟಂಟೈನ್ ಕೊನೆಯವನು. ಊರಿನೊಳಗೆ ಗ್ರೀಕ್ ಮಾತಾಡುತ್ತಿದ್ದರೆ ಸುತ್ತಲಿನ ಹಳ್ಳಿಗಳಲ್ಲಿ ಸ್ಲಾವ್ ಜನ, ಅಂದರೆ ಇಂದಿನ ರಷ್ಯನ್, ಬಲ್ಗೇರಿಯನ್ ಭಾಷೆಗಳ ಬಳಗದ ಮಾತಾಡುವವರು, ತುಂಬಿದ್ದರು. ಹೀಗಾಗಿ ಮಕ್ಕಳಿಗೆ ಎರಡೂ ಮಾತು ಬರುತ್ತಿತ್ತು. ಅಣ್ಣ ಬೆಳೆದು ಸ್ಲಾವ್ ಜನರಿದ್ದ ಒಂದು ಪ್ರಾಂತ್ಯದ ಆಡಳಿತಾಧಿಕಾರಿಯಾದ. ಕಂದಾಯ, ವ್ಯಾಜ್ಯ, ಗಡಿ ಜಗಳ ಇವುಗಳ ನಡುವೆ ಕೆಲವು ವರ್ಷ ಕಳೆದು, ಸಾಕೆನಿಸಿ ಎಲ್ಲವನ್ನೂ ಬಿಟ್ಟು ಏಷ್ಯಾ ಮೈನರ್‌ನ ಒಲಿಂಪಸ್ ಬೆಟ್ಟದ ಮಠ ಸೇರಿಕೊಂಡ. ಗ್ರೀಕ್ ದೇವತೆಗಳ ಒಲಿಂಪಸ್ ಬೇರೆ. ಇದು ಈಗಿನ ಟರ್ಕಿಯ ಬುರ್ಸಾ ಪಟ್ಟಣದ ನೆತ್ತಿಯ ಮೇಲಿರುವ, 2,500 ಮೀಟರಿಗೂ ಎತ್ತರದ ಉಲುದಾಗ್. ತಮ್ಮ ಸಾಯುವಾಗ ನೆನಪಿಸಿದ್ದು ಈ ಬೆಟ್ಟವನ್ನೇ.

862ರ ಹೊತ್ತಿಗೆ ಮಧ್ಯ ಯುರೋಪಿನ ಮೊರಾವಿಯಾದ ಅರಸ ರಾಸ್ಟಿಸ್ಲಾವ್ ಬೈಜಾಂಟಿಯಂನ ರಾಜಧಾನಿಯಾದ, ಈಗ ಇಸ್ತಾಂಬುಲ್ ಎನ್ನುವ ಕಾನ್‌ಸ್ಟಾಂಟಿನೋಪಲ್‌ಗೆ ದೂತರನ್ನು ಕಳಿಸಿದ. ತನ್ನ ಜನ ಕ್ರೈಸ್ತರಾಗಿದ್ದಾರೆ, ಆದರೆ ಅವರ ಮಾತಿನಲ್ಲೇ ಧರ್ಮವನ್ನು ತಿಳಿಸಿ ಹೇಳುವ ಗುರುಗಳಿಲ್ಲ ಎಂಬುದು ಅವನ ಅರಿಕೆ. ಅದರ ಹಿಂದಿನ ಲೆಕ್ಕಾಚಾರವೂ ಗುಟ್ಟೇನಲ್ಲ. ಅವನ ನಾಡಿನಲ್ಲಿ ಓಡಾಡುತ್ತಿದ್ದ ಪಾದ್ರಿಗಳಲ್ಲಿ ಹೆಚ್ಚಿನವರು ಬವೇರಿಯಾದ ಬಿಷಪ್ಪರ ಕಡೆಯವರು. ಆ ಬಿಷಪ್ಪರ ಬೆನ್ನಿಗೆ ಪಕ್ಕದ ಜರ್ಮನ್ ನಾಡುಗಳನ್ನು ಆಳುತ್ತಿದ್ದ ಫ್ರಾಂಕ್ ದೊರೆಯಿದ್ದ. ದೂರದ ಬೈಜಾಂಟಿಯಂನಿಂದ ಗುರುಗಳು ಬಂದರೆ ಪಕ್ಕದ ಮನೆಯವರ ಹಿಡಿತ ಸಡಿಲವಾದೀತು ಎಂಬುದು ರಾಸ್ಟಿಸ್ಲಾವನ ಎಣಿಕೆ. ಚಕ್ರವರ್ತಿ ಮೂರನೆಯ ಮೈಕೆಲ್ ಸಹೋದರರಿಬ್ಬರನ್ನೂ ಕರೆಸಿ, ನೀವು ಥೆಸ್ಸಲೋನಿಕಾದವರು, ಆ ಊರಿನವರೆಲ್ಲ ಅಚ್ಚ ಸ್ಲಾವ್ ಮಾತಾಡುತ್ತಾರೆ, ನೀವೇ ಹೋಗಿ ಎಂದನಂತೆ.

ಹೊರಡುವ ಮೊದಲೇ ಕಾನ್‌ಸ್ಟಂಟೈನ್ ಒಂದು ಲಿಪಿಯನ್ನು ಕಟ್ಟಿಕೊಂಡ. ಇಂದು ರಷ್ಯನ್, ಬಲ್ಗೇರಿಯನ್ ಭಾಷೆಗಳನ್ನು ಬರೆಯುವ ಸಿರಿಲಿಕ್ ಲಿಪಿ ಇದಲ್ಲ; ಅದು ಮುಂದಿನ ಪೀಳಿಗೆಯದು. ಇವನು ಮಾಡಿದ್ದು ಗ್ಲಾಗೊಲಿಟಿಕ್ ಎಂಬ, ಸುರುಳಿಗಳೂ ಕೊಕ್ಕೆಗಳೂ ತುಂಬಿದ, ಮೊದಲ ಅಕ್ಷರವೇ ಶಿಲುಬೆಯ ಆಕಾರದಲ್ಲಿರುವ ಲಿಪಿ. ಗ್ರೀಕ್ ಅಕ್ಷರಗಳಲ್ಲೇ ಬರೆದುಕೊಂಡರೆ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಬರೆಯುವ ನಮಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ಆ ಬರಹದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಸಂದರ್ಭ ನೋಡಿ ಊರೋ ಗೋಡೆಯೋ ಎಂದು ಊಹಿಸಬೇಕು. ಶ, ಚ ಮೊದಲಾದ ಸ್ಲಾವ್ ಧ್ವನಿಗಳಿಗೂ ಅನುನಾಸಿಕ ಸ್ವರಗಳಿಗೂ ಗ್ರೀಕಿನಲ್ಲಿ ಗುರುತುಗಳೇ ಇರಲಿಲ್ಲ. ಕಾನ್‌ಸ್ಟಂಟೈನ್ ಪ್ರತಿ ಧ್ವನಿಗೂ ಒಂದು ಗುರುತು ಕೊಟ್ಟ. ಶಕಾರಕ್ಕೆ ಹೀಬ್ರೂವಿನಿಂದ ಮೂರು ಹಲ್ಲಿನ ಅಕ್ಷರವನ್ನು ತಂದ. ಅವನು ಮೊದಲು ಬರೆದ ಸಾಲು ಯೋಹಾನನ ಸುವಾರ್ತೆಯ ಆರಂಭದ್ದು: ಆದಿಯಲ್ಲಿ ವಾಕ್ಯವಿತ್ತು.

ನಮ್ಮಲ್ಲಿ ಮಿಷನರಿ ಎಂದ ಕೂಡಲೇ ನೆನಪಾಗುವವರು 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಮತ್ತು 1894ರಲ್ಲಿ ನಿಘಂಟು ಮುಗಿಸಿಕೊಟ್ಟ ಫರ್ಡಿನಂಡ್ ಕಿಟೆಲ್. ಆದರೆ ಅವರು ಬಂದದ್ದು ಸಾವಿರ ವರ್ಷ ದಾಟಿದ ಬರಹವಿದ್ದ ನಾಡಿಗೆ. ಕಿಟೆಲ್ ಅವರಿಗೆ ಹಳಗನ್ನಡ ಕಾವ್ಯಗಳಿದ್ದವು, ಕೇಶಿರಾಜನ ವ್ಯಾಕರಣವಿತ್ತು, ಮಾತಿಗೆ ಸಿಗುವ ಪಂಡಿತರಿದ್ದರು. ಮೊರಾವಿಯಾಕ್ಕೆ ಹೋದ ಸಹೋದರರ ಮುಂದೆ ಇಂಥದ್ದೊಂದೂ ಇರಲಿಲ್ಲ. ನಂಬಿಕೆ, ಕೃಪೆ, ಪುನರುತ್ಥಾನ ಎಂಬಂಥ ಪದಗಳಿಗೆ ಹೊಲಮನೆಯ ಮಾತಿನಿಂದಲೇ ಜೋಡಿ ಹುಡುಕಬೇಕಿತ್ತು.

ಅಲ್ಲಿ ಅವರು 40 ತಿಂಗಳು ಇದ್ದರು. ಪಾಠ ಹೇಳಿದರು, ಹುಡುಗರನ್ನು ತಯಾರು ಮಾಡಿದರು, ಬಲಿಪೂಜೆಯನ್ನು ಸ್ಲಾವ್ ಭಾಷೆಗೆ ತಂದರು. ಹೊರಟು ಬರುವಾಗ ಬಾಲಾಟನ್ ಸರೋವರದ ಬದಿಯ ಪನೋನಿಯಾದಲ್ಲಿ ಕೊಸೆಲ್ ಎಂಬ ಅರಸ ತಾನೂ ಅಕ್ಷರ ಕಲಿತು 50 ಶಿಷ್ಯರನ್ನು ಒಪ್ಪಿಸಿದ. ಇಬ್ಬರು ಅರಸರೂ ಚಿನ್ನ, ಬೆಳ್ಳಿ ಕೊಡಲು ಬಂದಾಗ ಸಹೋದರರು ಅದನ್ನು ಮುಟ್ಟದೆ, ಬದಲಿಗೆ ಸೆರೆಯಾಳುಗಳನ್ನು ಬಿಡಿ ಎಂದು ಕೇಳಿದರಂತೆ. ಬಿಡುಗಡೆಯಾದವರು 900 ಮಂದಿ ಎನ್ನುತ್ತದೆ ಕಾನ್‌ಸ್ಟಂಟೈನನ ಚರಿತ್ರೆ.

ವೆನಿಸ್‌ನಲ್ಲಿ ಪಾದ್ರಿಗಳ ಗುಂಪೊಂದು, ಕಾಗೆಗಳು ಗಿಡುಗನ ಮೇಲೆ ಬೀಳುವ ಹಾಗೆ, ಅವರನ್ನು ಮುತ್ತಿಕೊಂಡಿತು. ಉಪಮೆ ಚರಿತ್ರೆಕಾರನದೇ. ದೇವರನ್ನು ಸ್ತುತಿಸಲು ಯೋಗ್ಯವಾದ ಭಾಷೆಗಳು ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರೇ, ಏಕೆಂದರೆ ಶಿಲುಬೆಯ ಮೇಲಿನ ಬರಹವನ್ನು ಪಿಲಾತ ಬರೆಸಿದ್ದು ಈ ಮೂರರಲ್ಲಿ ಎಂಬುದು ಅವರ ವಾದ. ಯೇಸುವಿಗೆ ಮರಣದಂಡನೆ ಕೊಟ್ಟವನ ಬರಹವೇ ಇವರಿಗೆ ಪ್ರಮಾಣ! ಮಳೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೇ, ಸೂರ್ಯ ಎಲ್ಲರಿಗೂ ಬೆಳಗುವುದಿಲ್ಲವೇ, ಎಲ್ಲರೂ ಒಂದೇ ಗಾಳಿಯನ್ನು ಉಸಿರಾಡುವುದಿಲ್ಲವೇ ಎಂದು ಕೇಳಿದ ಕಾನ್‌ಸ್ಟಂಟೈನ್, ಸ್ವಂತ ಭಾಷೆಯಲ್ಲಿ ದೇವರನ್ನು ಕೊಂಡಾಡುವ ಅರ್ಮೇನಿಯನ್ನರು, ಪರ್ಷಿಯನ್ನರು, ಗಾಥರು, ಅರಬರು, ಈಜಿಪ್ಟಿನವರು, ಸಿರಿಯನ್ನರು ಎಂದು ಸಾಲಾಗಿ ಹೆಸರು ಹೇಳಿದ. ಶಿವಶರಣರ ಕನ್ನಡವನ್ನು ಶಾಲೆಯಲ್ಲೇ ಓದಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ, ಉತ್ತರವೂ ಹೊಸದಲ್ಲ.

ರೋಮ್‌ನಲ್ಲಿ ನಡೆದದ್ದು ಅವರು ನಿರೀಕ್ಷಿಸಿದ್ದಕ್ಕಿಂತ ದೊಡ್ಡದು. ಪೋಪ್ ಎರಡನೆಯ ಏಡ್ರಿಯನ್ ಊರ ಹೊರಗೆ ಬಂದು ಎದುರುಗೊಂಡ. ಸ್ಲಾವ್ ಪುಸ್ತಕಗಳನ್ನು ಸಾಂತಾ ಮರಿಯಾ ಮಜ್ಜೋರೆ ದೇವಾಲಯದಲ್ಲಿ ಇರಿಸಿ ಆಶೀರ್ವದಿಸಿದ. ಸಂತ ಪೇತ್ರರ ದೇವಾಲಯದಲ್ಲಿ ಸ್ಲಾವ್ ಭಾಷೆಯ ಪೂಜೆ ನಡೆಯಿತು. ಸಹೋದರರು ಕ್ರಿಮಿಯಾದಿಂದ ಹೊತ್ತು ತಂದಿದ್ದ, ಹಳೆಯ ಪೋಪ್ ಸಂತ ಕ್ಲೆಮೆಂಟನದೆಂದು ನಂಬಲಾದ ಅಸ್ಥಿಗಳು ಈ ಆದರಕ್ಕೆ ಎಷ್ಟು ಕಾರಣ, ಸ್ಲಾವ್ ನಾಡುಗಳನ್ನು ಬವೇರಿಯಾದ ಬಿಷಪ್ಪರ ಕೈಯಿಂದ ಬಿಡಿಸಿ ತನ್ನ ನೇರ ಅಧೀನಕ್ಕೆ ತಂದುಕೊಳ್ಳುವ ರೋಮ್‌ನ ಆಸೆ ಎಷ್ಟು ಕಾರಣ ಎಂದು ತೂಗಿ ನೋಡಿದರೆ ಎರಡನೆಯದೇ ಹೆಚ್ಚು ತೂಗುತ್ತದೆ. ಆ ಸಂಭ್ರಮದ ಮರುವರ್ಷವೇ ತಮ್ಮ ತೀರಿಕೊಂಡ.

ಆಗ ಅಣ್ಣ ಪೋಪನ ಮುಂದೆ ಬಂದು ತಾಯಿಯ ಆಣೆಯೊಂದನ್ನು ಹೇಳಿದ. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಉಳಿದವನು ಅವನ ದೇಹವನ್ನು ತಮ್ಮ ಮಠಕ್ಕೆ ತಂದು ಮಣ್ಣು ಮಾಡಬೇಕೆಂದು ತಾಯಿ ಮಾತು ತೆಗೆದುಕೊಂಡಿದ್ದಳು. ಪೋಪ್ ಒಪ್ಪಿದ, ಪೆಟ್ಟಿಗೆಗೆ ಮೊಳೆ ಹೊಡೆದು ಪ್ರಯಾಣಕ್ಕೆ ಸಿದ್ಧಮಾಡಿದ್ದೂ ಆಯಿತು. ಏಳು ದಿನ ಹಾಗೆಯೇ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ರೋಮ್‌ನ ಬಿಷಪ್ಪರು, ಇಂಥ ಮಹಾತ್ಮನನ್ನು ಬೇರೆ ಕಡೆಗೆ ಕಳಿಸಬಾರದು ಎಂದು ಪಟ್ಟು ಹಿಡಿದರು. ಕೊನೆಗೆ ಅಣ್ಣ, ಹಾಗಾದರೆ ಸಂತ ಕ್ಲೆಮೆಂಟನ ಗುಡಿಯಲ್ಲಾದರೂ ಇಡಿ, ಅವನ ಜೊತೆಗೇ ಬಂದವನು ನನ್ನ ತಮ್ಮ ಎಂದು ಕೇಳಿಕೊಂಡ. ಹಾಗೇ ಆಯಿತು.

ಇಲ್ಲಿಂದ ಮುಂದೆ ಒಂಟಿ ಎತ್ತಿನ ಕಥೆ. ಪೋಪ್ ಮೆಥೋಡಿಯಸ್‌ನನ್ನು ಪನೋನಿಯಾದ ಆರ್ಚ್‌ಬಿಷಪ್ ಮಾಡಿ ಕಳಿಸಿದ. ಸಾಲ್ಜ್‌ಬರ್ಗ್‌ನ ಬವೇರಿಯಾ ಬಿಷಪ್ಪರಿಗೆ ಇದು ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆ ಸೀಮೆಯನ್ನು 75 ವರ್ಷದಿಂದ ತಾವು ನೋಡಿಕೊಂಡಿದ್ದೇವೆ ಎಂದು ಅವರು ಬರೆಸಿದ ದಾಖಲೆ ಈಗಲೂ ಇದೆ. ಅದರಲ್ಲಿ ಮೆಥೋಡಿಯಸ್ ಬರುವುದು ‘ಯಾರೋ ಒಬ್ಬ ಗ್ರೀಕನವನು’ ಎಂಬ ಧಾಟಿಯಲ್ಲಿ. ಹೊಸದಾಗಿ ಹುಟ್ಟಿಸಿದ ಅಕ್ಷರಗಳನ್ನು ತಂದು ಲ್ಯಾಟಿನ್ ಭಾಷೆಯನ್ನು ಜನರ ಕಣ್ಣಲ್ಲಿ ಅಗ್ಗ ಮಾಡಿದ ಎಂಬುದು ದೂರು. 870ರಲ್ಲಿ ಅವನನ್ನು ಹಿಡಿದು ಬಿಷಪ್ಪರ ಸಭೆಯ ಮುಂದೆ ನಿಲ್ಲಿಸಿದರು. ಪಸ್ಸಾವ್‌ನ ಬಿಷಪ್ ಕುದುರೆ ಚಾವಟಿ ಎತ್ತಿಕೊಂಡು ಹೊಡೆಯಲು ಬಂದನೆಂದೂ ಉಳಿದವರು ತಡೆದರೆಂದೂ ಗೊತ್ತಾಗುವುದು ಯಾವ ಭಕ್ತನ ಬರಹದಿಂದಲೂ ಅಲ್ಲ. ಮುಂದೆ ಪೋಪ್ ಎಂಟನೆಯ ಜಾನ್ ಆ ಬಿಷಪ್ಪನಿಗೇ ಬರೆದ ಕಟು ಪತ್ರದಿಂದ. ಚಳಿಯಲ್ಲಿ, ಮಳೆಯಲ್ಲಿ ಬಯಲಿನಲ್ಲೇ ನಿಲ್ಲಿಸಿ ಹಿಂಸೆ ಕೊಟ್ಟ ಮಾತೂ ಅದರಲ್ಲಿದೆ.

ಆ ಸಭೆಯ ಒಂದು ಕ್ಷಣ ನನಗೆ ಬಹಳ ಇಷ್ಟ. ವಾದ ಜೋರಾದಾಗ ಫ್ರಾಂಕ್ ದೊರೆ, ನನ್ನ ಮೆಥೋಡಿಯಸ್‌ನನ್ನು ಅಷ್ಟು ಕಾಡಬೇಡಿ, ಒಲೆಯ ಮುಂದೆ ಕೂತವನ ಹಾಗೆ ಬೆವರುತ್ತಿದ್ದಾನೆ ಎಂದು ಗೇಲಿ ಮಾಡಿದ. ಹೌದು ಪ್ರಭು ಎಂದ ಮೆಥೋಡಿಯಸ್; ಬೆವರುತ್ತಿದ್ದ ಒಬ್ಬ ತತ್ತ್ವಜ್ಞಾನಿಯನ್ನು ಜನ ಯಾಕೆಂದು ಕೇಳಿದರಂತೆ, ಅವನು ಗಮಾರರ ಜೊತೆ ವಾದ ಮಾಡಿ ಬಂದೆ ಎಂದನಂತೆ. ವಾದದ ಮಲ್ಲನೆಂದು ಹೆಸರಾದವನು ತಮ್ಮ. ಆದರೆ ಈ ಉತ್ತರ ಅಣ್ಣನದು.

ಉತ್ತರಕ್ಕೆ ಸಿಕ್ಕ ಪ್ರತಿಫಲ ಎರಡೂವರೆ ವರ್ಷದ ಸೆರೆ. ಸ್ವೇಬಿಯಾ ಸೀಮೆಯಲ್ಲಿ ಅವನನ್ನು ಇಟ್ಟಿದ್ದರು. ಅದೇ ಹೊತ್ತಿನಲ್ಲಿ ರಾಸ್ಟಿಸ್ಲಾವನನ್ನು ಅವನ ಸ್ವಂತ ಸಹೋದರನ ಮಗ ಸ್ವಾಟೊಪ್ಲುಕ್ ಹಿಡಿದುಕೊಟ್ಟ. ಫ್ರಾಂಕರು ಕಣ್ಣು ಕೀಳಿಸಿದರು. 873ರಲ್ಲಿ ಪೋಪನ ಒತ್ತಡದಿಂದ ಮೆಥೋಡಿಯಸ್ ಹೊರಬಂದಾಗ ಕರೆಸಿಕೊಂಡ ಅರಸನಿರಲಿಲ್ಲ, ತಮ್ಮನಿರಲಿಲ್ಲ, ವಯಸ್ಸು 60ರ ಹತ್ತಿರ. ಬೆಟ್ಟಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವನು ಹೋದದ್ದು ಮೊರಾವಿಯಾಕ್ಕೆ, ಅದೂ ಸ್ವಾಟೊಪ್ಲುಕನ ಆಳ್ವಿಕೆಗೆ.

ರೋಮ್ ಕೂಡ ಒಂದೇ ಮಾತಿನಲ್ಲಿ ನಿಲ್ಲಲಿಲ್ಲ. ಬಿಡಿಸಿದ ಪೋಪನೇ ಸ್ಲಾವ್ ಭಾಷೆಯಲ್ಲಿ ಪೂಜೆ ಮಾಡಬೇಡ ಎಂದು ಹೇಳಿಕಳಿಸಿದ. 880ರಲ್ಲಿ ಮೆಥೋಡಿಯಸ್ ಖುದ್ದು ರೋಮ್‌ಗೆ ಹೋಗಿ ನಿಂತಾಗ ಅದೇ ಪೋಪ್, ಮೂರು ಮುಖ್ಯ ಭಾಷೆಗಳನ್ನು ಸೃಷ್ಟಿಸಿದ ದೇವರೇ ಉಳಿದ ಭಾಷೆಗಳನ್ನೂ ತನ್ನ ಸ್ತುತಿಗಾಗಿ ಸೃಷ್ಟಿಸಿದ್ದಾನೆ ಎಂದು ಬರೆದು ಅನುಮತಿ ಕೊಟ್ಟ. ಅದೇ ಪತ್ರದ ಕೊನೆಯಲ್ಲಿ, ಅರಸನಿಗೆ ಲ್ಯಾಟಿನ್ ಪೂಜೆಯೇ ಇಷ್ಟವಾದರೆ ಅವನಿಗೆ ಹಾಗೆಯೇ ನಡೆಸಿ ಎಂಬ ಸಾಲೂ ಇದೆ. ಸ್ವಾಟೊಪ್ಲುಕನಿಗೆ ಲ್ಯಾಟಿನ್ನೇ ಇಷ್ಟ. ಜೊತೆಗೆ ಕೈಕೆಳಗಿನ ಬಿಷಪ್ಪನಾಗಿ ಬಂದ ವಿಖಿಂಗ್ ಎಂಬ ಜರ್ಮನ್ ಪಾದ್ರಿ ಕೊನೆಯವರೆಗೂ ಮಗ್ಗುಲ ಮುಳ್ಳಾಗಿಯೇ ಉಳಿದ.

ಮೆಥೋಡಿಯಸ್‌ನನ್ನು ಪೂರ್ತಿ ಬೆಳ್ಳಗೆ ಬಳಿದು ತೋರಿಸುವ ಇಷ್ಟ ನನಗಿಲ್ಲ. ವಿಸ್ಟುಲಾ ನದಿಯ ಸೀಮೆಯಲ್ಲಿ ಒಬ್ಬ ಪ್ರಬಲ ಅರಸ ಕ್ರೈಸ್ತರನ್ನು ಪೀಡಿಸುತ್ತಿದ್ದಾಗ ಇವನು ಹೇಳಿಕಳಿಸಿದ ಮಾತು ಇದು: ನಿನ್ನ ನೆಲದಲ್ಲಿ ನಿನ್ನ ಇಷ್ಟದಿಂದ ದೀಕ್ಷಾಸ್ನಾನ ಪಡೆಯುವುದು ಒಳ್ಳೆಯದು, ಇಲ್ಲವಾದರೆ ಪರರ ನೆಲದಲ್ಲಿ ಸೆರೆಯಾಳಾಗಿ ಪಡೆಯಬೇಕಾದೀತು. ಹಾಗೇ ಆಯಿತು ಎಂದು ಶಿಷ್ಯರು ಹೆಮ್ಮೆಯಿಂದ ಬರೆದಿದ್ದಾರೆ. 900 ಸೆರೆಯಾಳುಗಳನ್ನು ಬಿಡಿಸಿದ ಬಾಯಿಂದಲೇ ಬಂದ ಈ ಮಾತಿನಲ್ಲಿ ಅರಸರ ಕತ್ತಿಯ ಸದ್ದು ಕೇಳುತ್ತದೆ.

880ರ ಬಳಿಕ ಚಕ್ರವರ್ತಿ ಬೇಸಿಲ್‌ನ ಕರೆಯ ಮೇಲೆ ಅವನು ಕಾನ್‌ಸ್ಟಾಂಟಿನೋಪಲ್‌ಗೆ ಹೋದ. ಚಕ್ರವರ್ತಿ ಸಂತೋಷದಿಂದ ಬರಮಾಡಿಕೊಂಡು, ಅವನ ಶಿಷ್ಯರಲ್ಲಿ ಒಬ್ಬ ಪಾದ್ರಿಯನ್ನೂ ಪಾದ್ರಿಗಿಂತ ಕೆಳಗಿನ ದರ್ಜೆಯ ಒಬ್ಬ ಡೀಕನ್‌ನನ್ನೂ ಪುಸ್ತಕಗಳ ಸಮೇತ ತನ್ನಲ್ಲಿ ಉಳಿಸಿಕೊಂಡ. ಆಕಾಶ ತಿಳಿಯಾಗಿರುವ ದಿನ ಆ ನಗರದ ಎತ್ತರದ ಜಾಗಗಳಿಂದ ದಕ್ಷಿಣಕ್ಕೆ ನೋಡಿದರೆ ಮರ್ಮರ ಸಮುದ್ರದ ಆಚೆ ಉಲುದಾಗ್ ಬೆಟ್ಟದ ಹಿಮ ಕಾಣುತ್ತದೆ. ಚರಿತ್ರೆ ಬರೆದವರು ಇಲ್ಲಿ ಬೆಟ್ಟದ ಹೆಸರನ್ನೇ ಎತ್ತುವುದಿಲ್ಲ. ಮೆಥೋಡಿಯಸ್ ಮೊರಾವಿಯಾಕ್ಕೆ ಹಿಂತಿರುಗಿದ ಎಂದಷ್ಟೇ ತಿಳಿಯುತ್ತದೆ.

ಹಿಂತಿರುಗಿದವನು ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು, ಬೇಗ ಬರೆದುಕೊಳ್ಳಬಲ್ಲ ಇಬ್ಬರು ಪಾದ್ರಿಗಳನ್ನು ಕೂರಿಸಿಕೊಂಡು, ಮಕ್ಕಬಿಯರ ಪುಸ್ತಕಗಳನ್ನು ಬಿಟ್ಟು ಇಡೀ ಬೈಬಲನ್ನು ಗ್ರೀಕಿನಿಂದ ಅನುವಾದಿಸಿದ. ‘ಮಾರ್ಚ್‌ನಲ್ಲಿ ತೊಡಗಿ ಅಕ್ಟೋಬರ್ 26ರವರೆಗೆ, ಆರು ತಿಂಗಳಲ್ಲಿ’ ಎಂದು ಹಸ್ತಪ್ರತಿಯಲ್ಲಿದೆ. ಬೆರಳು ಮಡಿಸಿ ಎಣಿಸಿದರೆ ಅದು ಎಂಟು ತಿಂಗಳಾಗುತ್ತದೆ. ಈ ತಪ್ಪಿನ ಮೂಲವನ್ನು ವಿದ್ವಾಂಸರು ಚೆನ್ನಾಗಿ ಬಿಡಿಸಿದ್ದಾರೆ. ಆ ಕಾಲದಲ್ಲಿ ಅಂಕಿಗಳನ್ನೂ ಅಕ್ಷರಗಳಿಂದಲೇ ಬರೆಯುತ್ತಿದ್ದರು. ‘ಜೆಲೊ’ ಎಂಬ ಅಕ್ಷರದ ಬೆಲೆ ಗ್ಲಾಗೊಲಿಟಿಕ್‌ನಲ್ಲಿ 8, ಸಿರಿಲಿಕ್‌ನಲ್ಲಿ 6. ಹಳೆಯ ಲಿಪಿಯಿಂದ ಹೊಸ ಲಿಪಿಗೆ ನಕಲು ಮಾಡಿದ ಯಾವನೋ ಬರಹಗಾರ ಅಕ್ಷರವನ್ನು ಅಕ್ಷರವಾಗಿಯೇ ಎತ್ತಿ ಬರೆದ. ಮುದುಕನ ಎರಡು ತಿಂಗಳ ದುಡಿಮೆ ಹಾಗೇ ಕಳೆದುಹೋಯಿತು. ತಮ್ಮನ ಲಿಪಿ ಮರೆಯಾಗುತ್ತಾ ಬಂದದ್ದಕ್ಕೆ ಇಷ್ಟು ಪುಟ್ಟ, ಇಷ್ಟು ಖಚಿತ ಸಾಕ್ಷಿ ಬೇರೊಂದು ನನಗೆ ಸಿಕ್ಕಿಲ್ಲ.

885ರಲ್ಲಿ, ಈಸ್ಟರ್ ಹಬ್ಬಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ, ನಿಲ್ಲಲೂ ಆಗದ ಸ್ಥಿತಿಯಲ್ಲಿ ಅವನು ಗುಡಿಗೆ ಬಂದು ಜನರನ್ನು ಹರಸಿದ. ಮಕ್ಕಳೇ, ಮೂರನೆಯ ದಿನದವರೆಗೆ ನನ್ನನ್ನು ಕಾದುಕೊಂಡಿರಿ ಎಂದ. ಏಪ್ರಿಲ್ 6ರಂದು ತೀರಿಕೊಂಡ. ಅಂತ್ಯಕ್ರಿಯೆಯ ಪೂಜೆ ಲ್ಯಾಟಿನ್, ಗ್ರೀಕ್, ಸ್ಲಾವ್ ಮೂರೂ ಭಾಷೆಗಳಲ್ಲಿ ನಡೆಯಿತು.

ಅದಾದ ಮೇಲೆ ಎಲ್ಲವೂ ಬೇಗ ಬೇಗ ಕುಸಿಯಿತು. ಹೊಸ ಪೋಪ್ ಐದನೆಯ ಸ್ಟೀಫನ್ ಸ್ಲಾವ್ ಪೂಜೆಯನ್ನು ನಿಷೇಧಿಸಿದ. ಮೆಥೋಡಿಯಸ್ ತನ್ನ ಉತ್ತರಾಧಿಕಾರಿಯೆಂದು ಹೆಸರಿಸಿದ್ದ, ಆ ನೆಲದವನೇ ಆದ ಗೊರಾಜ್ಡ್‌ನನ್ನು ಬದಿಗೆ ತಳ್ಳಿದರು. ಶಿಷ್ಯರಲ್ಲಿ ಕೆಲವರನ್ನು ಗುಲಾಮರಾಗಿ ಮಾರಿದರು. ಅವರು ವೆನಿಸ್‌ನ ಸಂತೆ ಮುಟ್ಟಿದಾಗ ಬೈಜಾಂಟಿಯಂನ ಅಧಿಕಾರಿಯೊಬ್ಬ ಹಣ ಕೊಟ್ಟು ಬಿಡಿಸಿಕೊಂಡು ಹೋದ. ಹದಿನೆಂಟು ವರ್ಷದ ಹಿಂದೆ ಇದೇ ವೆನಿಸ್‌ನಲ್ಲಿ ಕಾನ್‌ಸ್ಟಂಟೈನ್ ಮಳೆ, ಸೂರ್ಯ, ಗಾಳಿಯ ಮಾತಾಡಿದ್ದ. ಕ್ಲೆಮೆಂಟ್, ನೌಮ್, ಏಂಜೆಲಾರಿಯಸ್ ಎಂಬ ಮೂವರು ಶಿಷ್ಯರು ಡಾನ್ಯೂಬ್ ನದಿಯ ದಡ ಸೇರಿ, ಮೂರು ಮರದ ದಿಮ್ಮಿಗಳನ್ನು ಮರದ ನಾರಿನಿಂದ ಬಿಗಿದು ತೆಪ್ಪ ಮಾಡಿಕೊಂಡು ನದಿ ದಾಟಿ ಬೆಲ್‌ಗ್ರೇಡ್ ಸೇರಿದರು. ಬೆಲ್‌ಗ್ರೇಡ್ ಆಗ ಬಲ್ಗೇರಿಯಾದ ಗಡಿಕೋಟೆ. ಬಲ್ಗೇರಿಯಾದ ದೊರೆ ಬೋರಿಸ್‌ಗೆ ಇಂಥವರೇ ಬೇಕಾಗಿತ್ತು. ಕ್ಲೆಮೆಂಟ್ ಓಹ್ರಿಡ್ ಸೀಮೆಗೆ ಹೋಗಿ ಏಳು ವರ್ಷದಲ್ಲಿ 3,500 ಶಿಷ್ಯರನ್ನು ತಯಾರು ಮಾಡಿದನೆಂದು ಅವನ ಚರಿತ್ರೆ ಹೇಳುತ್ತದೆ. ಇತ್ತ ಬಲ್ಗೇರಿಯಾದ ಪ್ರೆಸ್ಲಾವ್ ನಗರದ ಬರಹಗಾರರು ಗ್ರೀಕ್ ಅಕ್ಷರಗಳಿಗೆ ಗ್ಲಾಗೊಲಿಟಿಕ್‌ನ ಹೆಚ್ಚುವರಿ ಧ್ವನಿಗಳನ್ನು ಸೇರಿಸಿ ಸುಲಭವಾದ ಇನ್ನೊಂದು ಲಿಪಿ ರೂಢಿಸಿದರು. ಅದಕ್ಕೆ ಸಿರಿಲ್‌ನ ಹೆಸರು ಅಂಟಿಕೊಂಡಿತು. ಮೂಲ ಗ್ಲಾಗೊಲಿಟಿಕ್ ಕ್ರೊಯೇಷಿಯಾದ ಕರಾವಳಿಯಲ್ಲಿ ಶತಮಾನಗಳ ಕಾಲ ಬದುಕಿತು. 1483ರಲ್ಲಿ ಆ ಅಕ್ಷರಗಳಲ್ಲಿ ಪೂಜಾಪುಸ್ತಕವೊಂದು ಅಚ್ಚೂ ಆಯಿತು.

ರೋಮ್ ತನ್ನ ಉಳಿದ ಮಕ್ಕಳಿಗೆ ಅವರವರ ಮಾತಿನಲ್ಲಿ ಪೂಜೆಗೆ ದಾರಿ ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರಲ್ಲಿ. ಸಹೋದರರು ಮೊರಾವಿಯಾಕ್ಕೆ ಹೊರಟ 1,100 ವರ್ಷದ ಮೇಲೆ. ನಮ್ಮ ಕಥೋಲಿಕ ಚರ್ಚುಗಳಲ್ಲಿ ಲ್ಯಾಟಿನ್ ಹೋಗಿ ಕನ್ನಡದ ಬಲಿಪೂಜೆ ಬಂದದ್ದು ಆ ತೀರ್ಮಾನದಿಂದಲೇ.

ಸಂತ ಕ್ಲೆಮೆಂಟನ ಗುಡಿಯ ಈಗಿನ ಕಟ್ಟಡ 12ನೆಯ ಶತಮಾನದ್ದು. ಅದರ ಕೆಳಗೆ ಹೂತುಹೋಗಿದ್ದ ಹಳೆಯ ಗುಡಿಯನ್ನು 1857ರಿಂದ ಐರ್ಲೆಂಡಿನ ಪಾದ್ರಿ ಜೋಸೆಫ್ ಮಲ್ಲೂಲಿ ಅಗೆಸಿ ತೆಗೆದರು. ಮೆಟ್ಟಿಲಿಳಿದು ಹೋದರೆ ತಣ್ಣನೆಯ ನೆಲಮಾಳಿಗೆಯಲ್ಲಿ ಸಿರಿಲ್‌ನ ಸಮಾಧಿಯ ಜಾಗವಿದೆ. ಸುತ್ತಲ ಗೋಡೆಗೆ ಸ್ಲಾವ್ ನಾಡುಗಳವರು ತಂದು ಹಾಕಿದ ಕೃತಜ್ಞತೆಯ ಫಲಕಗಳಿವೆ. ಹೆಚ್ಚಿನವು ಅವನು ಕಣ್ಣಿಂದಲೂ ಕಾಣದ ಸಿರಿಲಿಕ್ ಅಕ್ಷರಗಳಲ್ಲಿವೆ. ಮೆಥೋಡಿಯಸ್‌ನನ್ನು ಮೊರಾವಿಯಾದ ಅವನ ಮುಖ್ಯ ಗುಡಿಯಲ್ಲಿ ಮಣ್ಣು ಮಾಡಿದರೆಂದು ಚರಿತ್ರೆ ಹೇಳುತ್ತದೆ. ಆ ಗೋರಿ ಇದುವರೆಗೆ ಸಿಕ್ಕಿಲ್ಲ. ಮೊದಲು ಸತ್ತವನನ್ನು ಉಳಿದವನು ಮನೆಗೆ ತರಬೇಕೆಂದು ಆಣೆ ಹಾಕಿಸಿದ್ದ ತಾಯಿ, ಆ ಉಳಿದವನನ್ನು ಯಾರು ತರಬೇಕೆಂದು ಹೇಳಿರಲಿಲ್ಲ.